ಪೂಜೆಗೆ ಕುಳಿತ ಚಾಕು

ಅನಂತರಾಜುವಿನ ಎಡಗೈ ನೋಡಿದವರಿಗೆ ಅನುಮಾನ ಬರುವುದು ಸಹಜವಾಗಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕೂದಲೂ ಇರಲಿಲ್ಲ. ಬಲಗೈ ಮಾತ್ರ ಕರಡಿಯ ಕೈಯಂತೆ ತುಂಬಿಕೊಂಡಿತ್ತು. ಚರ್ಮದ ಕಾಯಿಲೆಯೇನೋ ಎಂದು ಮರುಗುವವರಿಗೆ ಅವನ ಹೆಂಡತಿ ಆಶಾರಾಣಿ ಸಮಾಧಾನ ಹೇಳುತ್ತಿದ್ದಳು: "ಕಾಯಿಲೆ ಗೀಯಿಲೆ ಏನಿಲ್ಲ ಕಣ್ರೀ. ಚಾಕು ಚೂಪಾಗಿದೆಯಾ ಅಂತ ಕೈ ಬೋಳಿಸ್ಕೊಂಡು ನೋಡ್ತಾರೆ. ಪುಣ್ಯಕ್ಕೆ ಇನ್ನೂ ಮೀಸೆಗೆ ಬಂದಿಲ್ಲ."

ರಾಜಾನುಕುಂಟೆಯ ಹಳೆಯ ಬೇಸಾಯದ ಮನೆತನ ಅವನದು. ಜಮೀನಿನ ಬಹುಭಾಗ ಬಡಾವಣೆಯಾಗಿ, ಉಳಿದದ್ದರಲ್ಲಿ ಬಾಡಿಗೆ ಮನೆಗಳೆದ್ದಿವೆ. ಅನಂತರಾಜು ಮಾತ್ರ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಹಿಡಿದು, ಸುಮಾರು ಮೂವತ್ತು ವರ್ಷ ಅಲ್ಲಿಯೇ ಕಳೆದು ಈಚೆಗೆ ನಿವೃತ್ತನಾದ. ಸ್ಪ್ಯಾನರು, ಸುತ್ತಿಗೆ, ಉಳಿ, ಗರಗಸಗಳನ್ನು ಕಿಂಡಿಯಿಂದ ಈಚೆಗೆ ಕೊಡುವುದು, ಸಂಜೆ ವಾಪಸು ಪಡೆದು ಒರೆಸಿಡುವುದು, ಇಷ್ಟೇ ಅವನ ಕೆಲಸ. ಆ ಉಪಕರಣಗಳಿಂದ ಏನೇನೋ ಮಾಡಿದವರು ಬೇರೆಯವರು. ತನ್ನದೇ ಆದ ಒಂದು ಉಪಕರಣವಿರಬೇಕು, ಅದರಿಂದ ತಾನೇ ಏನಾದರೂ ಮಾಡಬೇಕು ಎಂಬ ಆಸೆ ಆ ಕಿಂಡಿಯ ಹಿಂದೆ ಕುಳಿತು ಕುಳಿತು ಬೆಳೆದಿರಬೇಕು.

ನಿವೃತ್ತಿಯ ನಂತರ ಮೊಬೈಲಿನಲ್ಲಿ ಕಾಡಿನ ವಿಡಿಯೊಗಳು ಸಿಕ್ಕವು. ಯಾವುದೋ ದೇಶದ ಗಡ್ಡದವನೊಬ್ಬ ಒಂದೇ ಚಾಕುವಿನಿಂದ ಗುಡಿಸಲು ಕಟ್ಟಿ, ಬೆಂಕಿ ಹೊತ್ತಿಸಿ, ಮೀನು ಸುಟ್ಟು ತಿನ್ನುತ್ತಿದ್ದ. ಮಡಚುವ ಚಾಕುವಲ್ಲ ಅದು. ಅಲಗೂ ಹಿಡಿಯೊಳಗಿನ ಕಬ್ಬಿಣವೂ ಒಂದೇ ತುಂಡು. ಕೋಲಿನಿಂದ ಬೆನ್ನಿಗೆ ಹೊಡೆದು ಸೌದೆ ಸೀಳಿದರೂ ಜಗ್ಗುವುದಿಲ್ಲ. ಬೆಲೆಯೂ ಹೆಚ್ಚಿಲ್ಲ, ಹೋಟೆಲಿನಲ್ಲಿ ಇಬ್ಬರು ಹೊಟ್ಟೆ ತುಂಬ ಉಂಡಷ್ಟೇ. ಒಂದನ್ನು ತರಿಸಿದ. ಅದಕ್ಕೆ ಜೊತೆಯಿರಲೆಂದು ಇನ್ನೊಂದು. ಬೀರುವಿನ ಒಂದು ಅಂಕಣ ತುಂಬುವ ಹೊತ್ತಿಗೆ ಅನಂತರಾಜು ಮನೆಯ ದಿನಪತ್ರಿಕೆಗಳನ್ನೆಲ್ಲ ಶಾವಿಗೆಯಂತೆ ಸೀಳಿ ಹರಿತ ಪರೀಕ್ಷಿಸಿದ್ದ. ಭಾನುವಾರಕ್ಕೊಮ್ಮೆ ಚಾಕುಗಳಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದ. ಹಬ್ಬದ ದಿನವೂ ತನ್ನ ತಲೆಗೆ ಎಣ್ಣೆ ಒತ್ತಿಸಿಕೊಳ್ಳಲು ಬೇಸರಪಡುವ ಮನುಷ್ಯ!

ಕಾಡಿಗೆ ಮಾತ್ರ ಹೋಗಿರಲಿಲ್ಲ. ಕಾಡಿರಲಿ, ಮನೆಯ ತಾರಸಿಯ ಮೇಲೂ ಒಂದು ರಾತ್ರಿ ಮಲಗಿದವನಲ್ಲ. ಸೊಳ್ಳೆ ಕಂಡರೆ ಆಗದು.

ಮತ್ತೊಂದು ಪಾರ್ಸೆಲ್ ಬಂದ ದಿನ ಆಶಾರಾಣಿ ಬಾಗಿಲಲ್ಲಿಯೇ ನಿಂತು ಪಂಚಾಯಿತಿ ತೀರ್ಮಾನಿಸಿದಳು.

"ರೀ, ಒಂದ್ ಮಾತು. ಬಯಲಲ್ಲಿ ಬೆಂಕಿ ಹಚ್ಚಿ, ನಿಮ್ಮ ಚಾಕು ಉಪಯೋಗಿಸಿ ಒಂದ್ ಹೊತ್ತಿನ ಅಡುಗೆ ಮಾಡಿ ತೋರಿಸ್ಬಿಡಿ. ಅತ್ತೆಗೂ ನಂಗೂ ಬಡಿಸ್ಬೇಕು. ಆಮೇಲೆ ನೀವು ಚಾಕು ಅಲ್ಲ, ಫಿರಂಗಿ ತರಿಸ್ಕೊಂಡ್ರೂ ನಾನು ಕೇಳಲ್ಲ."

"ಮಾಡ್ಲಿಲ್ಲ ಅಂದ್ರೆ?"

"ಎಲ್ಲಾ ಚಾಕೂ ನನ್ನ ಅಡುಗೆಮನೆಗೆ. ಸೌಟಿನ ಪಕ್ಕ ನೇತಾಕ್ತೀನಿ."

ಆಶಾರಾಣಿ ನಿಂಬೆಹಣ್ಣು ಕೊಯ್ದ ಚಾಕುವನ್ನು ತೊಳೆಯದೆ ತೊಟ್ಟಿಯಲ್ಲಿ ಬಿಡುವವಳು. ಅನಂತರಾಜು ತರಿಸಿದ್ದೆಲ್ಲ ಅಗ್ಗದ ಉಕ್ಕು. ನೀರು ಕಂಡರೆ ತುಕ್ಕು. ಆದರೂ ಮಾತಿಗೆ ಮಾತು ಬೆಳೆದಿತ್ತು. ಒಪ್ಪಿಕೊಂಡ.

ದಿನ ಗೊತ್ತುಮಾಡಿದವನು ಅವನೇ, ತಪ್ಪಿದ್ದೂ ಅಲ್ಲಿಯೇ. ಆಯುಧಪೂಜೆಯ ದಿನ ಸಂಜೆ ಎಂದ. ಕಾರ್ಖಾನೆಯಲ್ಲಿ ಹಬ್ಬಕ್ಕೆ ರಜೆಯಾದ್ದರಿಂದ ಯಂತ್ರಗಳ ಪೂಜೆ ಹಿಂದಿನ ದಿನವೇ ಮುಗಿದುಹೋಗುತ್ತಿತ್ತು. ಪುರಿ, ಸಿಹಿ ಹಂಚಿ, ಉಗ್ರಾಣಕ್ಕೆ ಬೀಗ ಹಾಕಿ ಮನೆಗೆ ಬಂದರೆ ಮುಗಿಯಿತು. ಅಷ್ಟು ವರ್ಷ ಹಾಗೆ ಬದುಕಿದವನ ಮನಸ್ಸಿನಲ್ಲಿ ಹಬ್ಬದ ದಿನವೆಂದರೆ ಪೂಜೆಯಾದ ಮರುದಿನದ ಬಿಡುವು. ಮನೆಯಲ್ಲಿ ಬೆಳಗ್ಗೆ ಕಾರಿಗೊಂದು ಆರತಿ, ಅಷ್ಟೇ ತಾನೆ ಎಂದುಕೊಂಡ. ತಾಯಿ ಮುನಿವೆಂಕಟಮ್ಮನ ಲೆಕ್ಕಾಚಾರವನ್ನು ಕೇಳಲೇ ಇಲ್ಲ.

ಹಬ್ಬದ ಬೆಳಗ್ಗೆ ಆ ಹಿರಿಯಮ್ಮ ಈಳಿಗೆಮಣೆ, ಮಚ್ಚು, ಕುಡುಗೋಲುಗಳನ್ನು ಸಾಲಾಗಿ ಇಟ್ಟು ಕುಂಕುಮವಿಟ್ಟರು. ಕಾರು ನಿಂಬೆಹಣ್ಣು ತುಳಿದು ಮುಂದೆ ಹೋಯಿತು. ಅನಂತರಾಜು ತನ್ನ ಮೆಚ್ಚಿನ ಚಾಕುವನ್ನು ಆಗಲೇ ಚೀಲದ ತಳಕ್ಕೆ ಸೇರಿಸಿದ್ದ. ಕುಂಕುಮದ ತೇವ ತಗುಲಿ ಅಲಗು ಕೆಟ್ಟೀತೆಂಬ ಭಯ.

ಬಡಾವಣೆಯ ಬೆನ್ನಿಗೆ ಮನೆತನದ ಒಂದು ತುಂಡು ನೆಲ ಇನ್ನೂ ಮಾರದೆ ಉಳಿದಿದೆ. ಎರಡು ಮಾವಿನ ಮರ, ಒಂದು ಹೊಂಗೆ, ಬೇಲಿಯಾಚೆ ಬೀದಿದೀಪ. ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಅಲ್ಲಿಗೆ ಅನಂತರಾಜು ಹಗ್ಗ, ಟಾರ್ಚು, ಸೀಟಿ, ದಿಕ್ಸೂಚಿ ಎಲ್ಲವನ್ನೂ ಹೊತ್ತು ಹೊರಟ. ಚಿಕ್ಕಂದಿನಲ್ಲಿ ಅವನು ದನ ಮೇಯಿಸಿದ ಜಾಗ ಅದು.

"ದಾರಿ ತಪ್ಪಿದ್ರೆ ಸೀಟಿ ಊದಿ, ನಾನು ಬಂದು ಕರ್ಕೊಂಡ್ ಹೋಗ್ತೀನಿ" ಎಂದಳು ಆಶಾರಾಣಿ, ಮುದ್ದೆಯ ಡಬ್ಬಿ ಹಿಡಿದು, ಅತ್ತೆಯೊಡನೆ ಹಿಂದೆ ನಡೆಯುತ್ತ.

ಮರದ ಕೆಳಗೆ ಮೂರು ಕಲ್ಲು ಹೂಡಿದ. ಬದನೆಕಾಯಿ, ಆಲೂಗೆಡ್ಡೆ, ಈರುಳ್ಳಿ ಹರಡಿದ. ಒಣಕೊಂಬೆ ಒಟ್ಟಿದ. ಇನ್ನು ಚಾಕುವಿನಿಂದ ಕಡ್ಡಿಯನ್ನು ಎಳೆ ಎಳೆಯಾಗಿ ಕೆತ್ತಿ, ಅದರ ಬೆನ್ನಿನಿಂದ ಕಿಡಿ ಹಾರಿಸುವ ಲೋಹದ ಕಡ್ಡಿಯನ್ನು ಗೀರಿ, ಆ ವಿಡಿಯೊದ ಗಡ್ಡದವನಂತೆ ಬೆಂಕಿ ಎಬ್ಬಿಸುವುದೊಂದೇ ಬಾಕಿ. ಗಂಟಲು ಸರಿಮಾಡಿಕೊಂಡು ಒರೆಯಿಂದ ಚಾಕು ಎಳೆದ. ಅದು ಟಕ್ಕೆಂದು ಈಚೆಗೆ ಬಂತು.

ಮುನಿವೆಂಕಟಮ್ಮ ಹಣೆಗೆ ಕೈಯಡ್ಡ ಹಿಡಿದು ನೋಡಿದರು. "ಏನ್ಲಾ ಅನಂತ, ಅದ್ಕೆ ಕುಂಕ್ಮ ಇಟ್ಟಿಲ್ವಲ್ಲೋ?"

"ಮನೆಗೆ ಹೋದ್ಮೇಲೆ ಇಡೋಣ ಬಿಡಮ್ಮ."

"ಅಬ್ಬದ್ ದಿನ ಪೂಜೆ ಇಲ್ದೆ ಕತ್ತಿ ಇಡೀತಾನಂತೆ! ತತ್ತಾ ಇಲ್ಲಿ. ನನ್ ಕೈಗೆ ಕೊಡ್ಬೇಡ, ಕೆಳಗಿಡು."

ಎರಡು ನಿಮಿಷದ ಕೆಲಸ, ಆಗಿಹೋಗಲಿ ಎಂದು ಅನಂತರಾಜು ಚಾಕುವನ್ನು ಮಾವಿನೆಲೆಯ ಮೇಲಿಟ್ಟ. ತಾಯಿಯ ಎಲೆಅಡಿಕೆ ಚೀಲದಿಂದ ಕುಂಕುಮ ಬಂತು, ಕರ್ಪೂರ ಬಂತು, ಬೆಂಕಿಪೊಟ್ಟಣ ಬಂತು. ಮುಡಿಯ ಚೆಂಡುಹೂ ಹಿಡಿಯ ಮೇಲೇರಿತು. ಮೂವರೂ ಕೈಮುಗಿದರು. ಅನಂತರಾಜು ಚಾಕುವಿಗೆ ಕೈ ಚಾಚಿದ.

"ಏಯ್! ಏನ್ಲಾ ಮಾಡ್ತಿದ್ದೀಯ? ಪೂಜೆಗೆ ಕುಂತೈತೆ ಅದು. ನಾಳೆ ಇನ್ನೊಂದ್ ಆರತಿ ಎತ್ತೋಗಂಟ ಮುಟ್ಟಂಗಿಲ್ಲ."

"ಅಮ್ಮ, ಕಾರು ಓಡಾಡ್ತಿದೆಯಲ್ಲ?"

"ಕಾರು ನಿಂಬೆಅಣ್ಣು ತುಳ್ದು ಎದ್ದು ಒಂಟೋಯ್ತು. ಇದು ಕುಂತೈತೆ. ಕುಂತಿರೋರ್ನ ಎಬ್ಬಿಸ್ತೀಯೇನ್ಲಾ?"

ಆಶಾರಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇಲಿಯ ಕಡೆಗೆ ತಿರುಗಿದಳು. ಭುಜ ಮಾತ್ರ ಕುಣಿಯುತ್ತಿತ್ತು.

ಪಂಥದ ಚಾಕು ಹೂ ಮುಡಿದು ಎಲೆಯ ಮೇಲೆ ಮಲಗಿದೆ, ಮಿಕ್ಕವು ಬೀರುವಿನಲ್ಲಿವೆ. ಹೋಗಿ ತಂದರೆ ಅವನ್ನೂ ತಾಯಿ ಸಾಲಿಗೆ ಕೂರಿಸದೆ ಬಿಡುವವರಲ್ಲ. ಸೂರ್ಯ ಹೊಸ ಕಟ್ಟಡಗಳ ಹಿಂದಕ್ಕೆ ಇಳಿಯುತ್ತಿದ್ದ. ಅನಂತರಾಜು ಆಲೂಗೆಡ್ಡೆಯನ್ನು ಅಂಗೈಯಲ್ಲಿ ಹಿಡಿದು, ಪ್ರಶ್ನೆಪತ್ರಿಕೆ ಅರ್ಥವಾಗದ ಹುಡುಗನಂತೆ ಕುಳಿತ.

ಸ್ವಲ್ಪ ಹೊತ್ತಿಗೆ ಮುನಿವೆಂಕಟಮ್ಮ ಮರಕ್ಕೊರಗಿ ತೂಕಡಿಸತೊಡಗಿದರು. ಆಶಾರಾಣಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಅತ್ತೆ ಮಲಗಿದ್ದಾರೆ. ತಗೊಳ್ರೀ. ಬೇಗ ಹೆಚ್ಕೊಂಡು ಮತ್ತೆ ಅಲ್ಲೇ ಇಟ್ಬಿಡಿ. ನಾನು ಬಾಯಿ ಬಿಡಲ್ಲ."

ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ಗಂಡನ ಮುಖ ಅಷ್ಟು ಸಣ್ಣದಾದುದನ್ನು ಅವಳೂ ನಿರೀಕ್ಷಿಸಿರಲಿಲ್ಲ. ಅನಂತರಾಜು ಕೈ ಚಾಚಿದ. ಬೆರಳು ಹೂವಿಗೆ ತಗುಲಿತು. ಉಗ್ರಾಣದಲ್ಲಿ ಎಷ್ಟೇ ದೊಡ್ಡ ಸಾಹೇಬರಿಗೂ ಗುರುತಿನ ಬಿಲ್ಲೆ ಪಡೆಯದೆ ಒಂದು ಸ್ಕ್ರೂಡ್ರೈವರ್ ಕೊಟ್ಟವನಲ್ಲ ಅವನು. ಈಗ ತಾನೇ ಕಿಂಡಿಯ ಹಿಂದಿನಿಂದ ಕದಿಯುವುದೇ? ಕೈ ಹಿಂದಕ್ಕೆ ಬಂತು.

"ಬೇಡ ಬಿಡೇ. ನಾಳೆ ಅದನ್ನ ಹಿಡಿದಾಗ ನಂಗೇ ಒಂಥರಾ ಅನ್ಸುತ್ತೆ. ಸೋತೆ ಅಂದ್ಕೊ."

"ಸೋತ್ರೂ ಹೊಟ್ಟೆ ಕೇಳುತ್ತಾ? ಅಡುಗೆ ನಿಮ್ದೇ ಇವತ್ತು."

ಅನಂತರಾಜು ಮಿಕ್ಕ ಕರ್ಪೂರವನ್ನು ಸೌದೆಯ ನಡುವೆ ಇಟ್ಟು ಕಡ್ಡಿ ಗೀರಿದ. ಕೊಂಬೆಗಳನ್ನು ಮೊಣಕಾಲಿಗೆ ಕೊಟ್ಟು ಮುರಿದ. ಬದನೆಕಾಯಿಗಳನ್ನು ಇಡಿಯಾಗಿ ಕೆಂಡಕ್ಕೆ ಒಡ್ಡಿ, ಆಲೂಗೆಡ್ಡೆಯನ್ನು ಬೂದಿಯಲ್ಲಿ ಹೂತು, ಈರುಳ್ಳಿಯನ್ನು ಕಲ್ಲಿನ ಮೇಲಿಟ್ಟು ಗುದ್ದಿದ. ಹೊಗೆಗೆ ಕಣ್ಣಲ್ಲಿ ನೀರು, ಮೂಗಿನಲ್ಲಿ ಮಸಿ. ಸಿಪ್ಪೆ ಸುಲಿದ ಬದನೆಗೆ ಉಪ್ಪು, ಹಸಿಮೆಣಸಿನಕಾಯಿ, ಹುಣಸೆ ಹಿಂಡಿ ಕೈಯಲ್ಲೇ ಕಿವುಚಿದ. ಎಚ್ಚರಗೊಂಡ ಮುನಿವೆಂಕಟಮ್ಮ ಮುದ್ದೆಯ ಜೊತೆ ಗೊಜ್ಜನ್ನು ಎರಡು ಸಲ ಬಡಿಸಿಕೊಂಡರು. ಮಗನನ್ನು ಅವರು ಹೊಗಳುವ ಬಗೆ ಅದೊಂದೇ.

ಅನಂತರಾಜುವಿಗೆ ಧೈರ್ಯ ಮರುಕಳಿಸಿತು. "ನೋಡ್ದಾ? ಬೆಂಕಿ ನಾನೇ ಹಚ್ಚಿದ್ದು, ಅಡುಗೆ ನಾನೇ ಮಾಡಿದ್ದು. ಪಂಥ ಗೆದ್ದೆ ತಾನೆ?"

"ಗೆದ್ರಿ, ಗೆದ್ರಿ" ಎಂದಳು ಆಶಾರಾಣಿ, ಬೆರಳು ನೆಕ್ಕುತ್ತ. "ಚಾಕು ಇಲ್ದೇನೇ ಇಷ್ಟು ರುಚಿ ಮಾಡಿದ್ರಿ. ಚಾಕು ಯಾಕೆ ಬೇಕು ಹೇಳಿ ಮತ್ತೆ?"

ಅನಂತರಾಜು ಹೂ ಮುಡಿದ ಚಾಕುವನ್ನೊಮ್ಮೆ ನೋಡಿ, "ಸರಿ, ಸೋತೆ" ಎಂದು ಮತ್ತೊಂದು ತುತ್ತು ಮುದ್ದೆ ಮುರಿದ.

ಮರುದಿನ ಬೆಳಗ್ಗೆ ಆ ಮರದ ಕೆಳಗೇ ಎರಡನೆಯ ಆರತಿಯಾಯಿತು. ಹೂ ತೆಗೆದಾಗ ಅಲಗಿನ ಮೇಲೆ ಕುಂಕುಮವಿಟ್ಟಷ್ಟಗಲ ಕಂದು ಮಚ್ಚೆ ಕೂತಿತ್ತು. ಅದನ್ನು ಉಜ್ಜುತ್ತ ಅವನು ಅರ್ಧ ಬೆಳಗು ಕಳೆದ. ಬಳಿಕ, ಕೊಟ್ಟ ಮಾತಿನಂತೆ, ಬೀರು ಬರಿದುಮಾಡಿ ಎಲ್ಲ ಚಾಕುಗಳನ್ನೂ ತಾನೇ ಅಡುಗೆಮನೆಗೆ ಹೊತ್ತು ತಂದ. ಆಶಾರಾಣಿ ಮೊದಲನೆಯದನ್ನೇ ಎತ್ತಿಕೊಂಡು ನಿಂಬೆಹಣ್ಣು ಕೊಯ್ದು ತೊಟ್ಟಿಯಲ್ಲಿ ಹಾಕಿದಳು.

"ಅಯ್ಯೋ, ಒರೆಸೇ!"

"ಅಷ್ಟು ಸಂಕಟ ಆದ್ರೆ ನೀವೇ ಹೆಚ್ಚಿ, ನೀವೇ ಒರೆಸ್ಕೊಳ್ಳಿ."

ಅಂದಿನಿಂದ ಆ ಮನೆಯ ತರಕಾರಿಯೆಲ್ಲ ಅನಂತರಾಜುವಿನ ಪಾಲು. ಬೆಳಗಿನ ಕಾಫಿಯಾದೊಡನೆ ಹಲಗೆ ಹಾಕಿ ಕೂರುತ್ತಾನೆ. ಸೊಪ್ಪಿಗೊಂದು ಚಾಕು, ಕುಂಬಳಕಾಯಿಗೊಂದು, ಹುರುಳಿಕಾಯಿಗೆ ತೆಳ್ಳನೆಯದೊಂದು, ಬೇರೆಯವರು ಮುಟ್ಟುವಂತಿಲ್ಲ. ಕೈಯ ಕೂದಲು ಮತ್ತೆ ಚಿಗುರುತ್ತಿದೆ, ಹರಿತ ನೋಡಲು ಈಗ ಟೊಮೇಟೊ ಇದೆಯಲ್ಲ. ಆಶಾರಾಣಿ ಆ ಹೊತ್ತಿನಲ್ಲಿ ಎರಡನೆಯ ಲೋಟ ಕಾಫಿ ಹಿಡಿದು, ಶಾವಿಗೆಯಾಗದೆ ಇಡಿಯಾಗಿ ಉಳಿದ ದಿನಪತ್ರಿಕೆಯನ್ನು ಓದುತ್ತಾಳೆ. ದೂರು ಇರುವುದು ಮುನಿವೆಂಕಟಮ್ಮನವರದು ಮಾತ್ರ.

"ಏನ್ಲಾ ಇದು, ಕಾಯಿನ ದಾರ ಎಳ್ದಂಗೆ ಎಚ್ಚಿದ್ದೀಯ! ಉಪ್ಸಾರ್ನಾಗೆ ಬಾಯಿಗೆ ಏನ್ಲಾ ಸಿಗ್ತದೆ?"

"ಚಾಕು ಹಂಗೆ ಹೋಗುತ್ತಮ್ಮ, ಏನ್ಮಾಡ್ಲಿ" ಎನ್ನುತ್ತಾನೆ ಅನಂತರಾಜು, ತಲೆ ಎತ್ತದೆ, ಮುಂದಿನ ಕಾಯಿಯನ್ನು ಇನ್ನಷ್ಟು ತೆಳ್ಳಗೆ ಹೆಚ್ಚುತ್ತ.