ಎಡಗೈಯ ಎರಡು ಚಿತ್ರ

ವಳಸಂಗದ ಕಲ್ಯಾಣಪ್ಪ ಸೋಲಾಪುರದ ಒಂದು ಖಾಸಗಿ ಎಕ್ಸ್-ರೇ ಕೇಂದ್ರದಲ್ಲೇ ತಲೆ ನರೆಸಿಕೊಂಡವನು. ಮಾತು ಕಡಿಮೆ, ಅನುಮಾನ ಜಾಸ್ತಿ. ಅನುಮಾನ ಕಲಿಸಿದ್ದು ಕೆಲಸವೇ. ಬೆಳೆಯುವ ಮಕ್ಕಳ ಎಡಗೈಯ ಚಿತ್ರ ತೆಗೆದರೆ ಎಲುಬಿನ ವಯಸ್ಸು ಸುಮಾರಾಗಿ ತಿಳಿಯುತ್ತದೆ. ಹೀಗಾಗಿ ಮದುವೆಗೆಂದು ವಯಸ್ಸು ಏರಿಸುವವರು, ಆಟಕ್ಕೆಂದು ಇಳಿಸುವವರು ಇಬ್ಬರೂ ಅವನಲ್ಲಿಗೆ ಬರುತ್ತಿದ್ದರು. ಒಮ್ಮೆ ಕುಸ್ತಿ ತಾಲೀಮಿನವರು ಪೈಲವಾನನ ಬದಲು ಆ ಪೈಲವಾನನ ತಮ್ಮನನ್ನೇ ಕೂರಿಸಿ ಹೋಗಿದ್ದರು. ಅಂದಿನಿಂದ ಕಲ್ಯಾಣಪ್ಪ ಮೊದಲು ಮುಖ ನೋಡುತ್ತಿದ್ದ, ಆಮೇಲೆ ಕೈ.

೧೯೯೯ರಲ್ಲಿ ಅಕ್ಕಲಕೋಟ ತಾಲೂಕಿನ ಕರಜಗಿಯ ಅಕ್ಕನಾಗಮ್ಮ ಹದಿಮೂರರ ಮಗಳು ಮನೀಷಾಳನ್ನು ಕರೆತಂದಳು. ಹಿಂದಿನ ವರ್ಷವೂ ಬಂದಿದ್ದರು. ಆಗ ಎರಡು ಜಡೆ, ಲಂಗ. ಈಗ ಗಂಡುಮಕ್ಕಳ ಕಟಿಂಗು, ಅಂಗಿ, ಚಡ್ಡಿ. ಕಲ್ಯಾಣಪ್ಪ ಚಿತ್ರ ತೆಗೆದು, ತೊಳೆದು, ಅವರೇ ತಂದಿದ್ದ ಹಳೆಯ ಫಿಲ್ಮಿನ ಪಕ್ಕಕ್ಕೆ ದೀಪದ ಪೆಟ್ಟಿಗೆಯ ಮೇಲೆ ಏರಿಸಿದ. ವರ್ಷ ಕಳೆದರೂ ಎಲುಬಿನ ವಯಸ್ಸು ಅಲ್ಲೇ ನಿಂತಂತಿತ್ತು.

"ಅಕ್ಕಾರ, ಹೋದ ವರ್ಷ ಬಂದಾಕಿ ಈಕೀನ ಏನ್ರಿ?"

"ಈಕೀನ ರೀ. ಮತ್ತ ಯಾರನ್ನ ತರಲಿ?"

"ಮನ್ಯಾಗ ತಮ್ಮ ಅದಾನೇನು?"

"ಒಬ್ಬಾಂವ ಅದಾನ. ಯಾಕ್ರಿ?"

"ಖೋ-ಖೋ ಟೀಮಿಗೆ ವಯಸ್ಸು ಕಮ್ಮಿ ತೋರಸೂದೈತೇನು?"

"ಖೋ-ಖೋ? ಇದಕ್ಕ ಬಸ್ಸಿಗೆ ಓಡಂದ್ರ ಓಡಂಗಿಲ್ಲ," ಎಂದಳು ಅಕ್ಕನಾಗಮ್ಮ.

ಅವನಿಗೆ ನಂಬಿಕೆ ಬರಲಿಲ್ಲ. "ಫಿಲ್ಮ್ ಒಣಗಿಲ್ಲ. ನಾಳಿ ಬರ್ರಿ," ಎಂದ.

"ನಾಳಿ ಪುಣೇದಾಗ ಇರಬೇಕ್ರಿ ಅಣ್ಣಾರ. ಇದನ್ನ ನೋಡದ ಡಾಕ್ಟರ್ ಇಂಜೆಕ್ಷನ್ ಕೊಡಂಗಿಲ್ಲ."

ಮನೀಷಾಳ ಕೈ ತಾಯಿಯ ಸೆರಗು ಜಗ್ಗಿತು. "ತಪ್ಪಿಸಿದ್ರ ಮತ್ತ ಚಾಲೂ ಆಗ್ತೈತಿ, ಅವ್ವಾ."

ಏನು ಚಾಲೂ? ಕಲ್ಯಾಣಪ್ಪ ಮತ್ತೆ ಪೆಟ್ಟಿಗೆಯತ್ತ ಬಾಗಿದ. ಹಳೆಯ ಫಿಲ್ಮಿನಲ್ಲಿ ಕಿರುಬೆರಳಿನ ಬುಡದ ಎಲುಬಿಗೆ ಹಿಂದೆಂದೋ ಮುರಿದು ಕೂಡಿದ ಸಣ್ಣ ಬಾಗು. ಹೊಸದರಲ್ಲೂ ಅದೇ ಜಾಗದಲ್ಲಿ ಅದೇ ಬಾಗು. ಕೂಸು ಅದೇ. ಹಾಗಾದರೆ ಎಲುಬಿನ ವಯಸ್ಸನ್ನು ತಡೆದು ನಿಲ್ಲಿಸಿದ್ದು ಯಾವುದು?

ಅಕ್ಕನಾಗಮ್ಮ ಚೀಲದಿಂದ ಇಂಜೆಕ್ಷನ್ನಿನ ಖಾಲಿ ಪೆಟ್ಟಿಗೆ ತೆಗೆದು ತೋರಿಸಿದಳು. ಓದಿದ ಮೇಲೆ ಅವನ ಅನುಮಾನ ದುಪ್ಪಟ್ಟಾಯಿತು.

"ಇದು ಮುದುಕರ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡೋದು. ಕೂಸಿನ ಮ್ಯಾಲ ಯಾವನರೆ ಪ್ರಯೋಗ ಮಾಡಾಕತ್ತಾನೇನು?"

ಅಕ್ಕನಾಗಮ್ಮ ಎದ್ದು ಬಾಗಿಲು ಎಳೆದು ಮುಚ್ಚಿದಳು. "ಸಣ್ಣದಿದ್ದಾಗಿಂದ ತಾ ಹುಡುಗ ಅಂತೈತಿ ಇದು. ಮೈ ತುಂಬಾಕ ಹತ್ತಿದಾಗ ಎದಿಗೆ ಅರಿವಿ ಬಿಗಿದು ಬಿಗಿದು ಚರ್ಮ ಸುಲಕೊಂತು. ಸಾಲಿ ಬಿಡ್ತು. ಪುಣೇದ ಡಾಕ್ಟರು, ಈ ಇಂಜೆಕ್ಷನ್ ಮೈಯಿನ ಬದಲಾವಣಿ ತಡದು ಇಡ್ತೈತಿ, ಬಿಟ್ರ ಮತ್ತ ಸುರು ಆಗ್ತೈತಿ ಅಂದ್ರು. ಪರದೇಶದಾಗ ಸೈತ ಭಾಳ ಮಂದಿಗಿ ಕೊಟ್ಟಿಲ್ಲಂತ. ಮುಂದ ಹೆಂಗ ಅಂದ್ರ ಅವರಿಗೂ ಪೂರಾ ಗೊತ್ತಿಲ್ಲ."

"ಗೊತ್ತಿಲ್ಲದ್ದು ಯಾಕ ಕೊಡಸ್ತೀರಿ?"

"ಅರಿವಿ ಬಿಗಿಯೂದು ನೀವು ನೋಡಿಲ್ಲ, ಅಣ್ಣಾರ."

"ಈಗ ಆರಾಮ ಐತೇನು?" ಅವನು ಕೂಸನ್ನೇ ಕೇಳಿದ.

"ಸಾಲಿಗಿ ಹೋಗಾಕತ್ತೀನ್ರಿ. ತಿಂಗಳದ್ದು ಸುರು ಆಗಿಲ್ಲ. ಆದ್ರ ವರ್ಗದಾಗಿನವರೆಲ್ಲಾ ದೊಡ್ಡವರಾದ್ರು, ನಾ ಒಬ್ಬನ ಸಣ್ಣ ಹುಡುಗರಂಗ ಉಳದೀನಿ. ಸಿಟ್ಟು ಬರ್ತೈತಿ."

"ಮೊದಲ ಮಾತ ಆಡತಿದ್ದಿಲ್ಲ," ಎಂದಳು ತಾಯಿ. "ಈಗ ತಮ್ಮನ ಕೂಡ ಜಗಳರೆ ಆಡತೈತಿ." ಆಮೇಲೆ ದನಿ ತಗ್ಗಿಸಿದಳು. "ಎಲುಬು ಗಟ್ಟಿ ಅದಾವೇನ್ರಿ? ನನಗ ಅದೊಂದ ಹೆದರಿಕಿ."

ಕಲ್ಯಾಣಪ್ಪ ಎರಡೂ ಫಿಲ್ಮುಗಳನ್ನು ಮತ್ತೆ ನೋಡಿದ. ಎಲುಬಿನ ಸುಣ್ಣದಂಶ ಸುಮಾರು ಮೂರರಲ್ಲೊಂದು ಪಾಲು ಇಳಿಯುವವರೆಗೂ ಆ ಕೊರತೆ ಇಂಥ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ. ಇದನ್ನು ಅವನು ಬಲ್ಲ.

"ಇದರಾಗ ತಿಳಿಯಂಗಿಲ್ಲ. ಗಟ್ಟಿತನ ಅಳೆಯೋ ಯಂತ್ರ ಬ್ಯಾರೆ ಇರ್ತೈತಿ. ಎಲ್ಲಿ ಐತಿ, ಯಾವಾಗ ಮಾಡಸೂದು ಅಂತ ಪುಣೇದಾಗ ಕೇಳ್ರಿ. ಕೇಳದ ಎದ್ದು ಬರಬ್ಯಾಡ್ರಿ. ನನಗಂತೂ ಈ ಇಂಜೆಕ್ಷನ್ ಮ್ಯಾಲ ವಿಶ್ವಾಸ ಇಲ್ಲ."

"ನಮ್ಮ ಮ್ಯಾಲರೆ ಬಂತೇನ್ರಿ?"

ಕಲ್ಯಾಣಪ್ಪ ಪೆಟ್ಟಿಗೆಯ ದೀಪ ಆರಿಸಿದ. ಆಗಲೇ ಒಣಗಿದ್ದ ಫಿಲ್ಮನ್ನು ಹಳೆಯದರ ಜೊತೆ ಲಕೋಟೆಗೆ ಇಳಿಸಿದ. ತಾಯಿ ಕೈ ಚಾಚಿದಳು. ಅವನು ಅದನ್ನು ಮನೀಷಾಳ ಕೈಗೆ ಕೊಟ್ಟ.

"ಗಾಡ್ಯಾಗ ಗದ್ದಲ ಇರ್ತೈತಿ. ಮಡಚಬ್ಯಾಡಪಾ ತಮ್ಮಾ," ಎಂದ.