ಲಿವರಿಗೆ ಕಟ್ಟಿದ ಕಂಕಣ

ಭಾರ್ಗವ ಅವತ್ತು ಗಾಜು ಇಳಿಸಲಿಲ್ಲ. ಜಯಸಿಂಹನಿಗೆ ಈಗಲೂ ಹೊಟ್ಟೆ ಉರಿಯುವುದು ಅದೊಂದಕ್ಕೇ.

ಮಳೆ ಹೊಯ್ಯುತ್ತಿತ್ತು. ಬೆಟ್ಟದ ಬುಡದ ಕೊರಕಲಿನಲ್ಲಿ ಅವನ ಹಳೆಯ ವ್ಯಾನು ಹೊಟ್ಟೆಯವರೆಗೂ ಹೂತು ಕೂತಿತ್ತು. ಪಂಚೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಹಾಲಿನ ಚೊಂಬನ್ನು ಎದೆಗೆ ಒತ್ತಿಕೊಂಡು ಅವನು ಕೆಸರಿನಲ್ಲಿ ನಿಂತಿದ್ದ. ಹಿಂದಿನಿಂದ ಚಿಕ್ಕಪ್ಪನ ಮಗ ಭಾರ್ಗವನ ಜೀಪು ಬಂತು. ಪಕ್ಕಕ್ಕೆ ಬಂದಾಗ ನಿಧಾನವಾಯಿತು. ಗಾಜಿನ ಆಚೆಯಿಂದ ಭಾರ್ಗವ ಏನೋ ಕೈ ಆಡಿಸಿದ, ಗಾಜು ಇಳಿಯಲೆಂದು ಜಯಸಿಂಹ ಕಾದ. ಅಷ್ಟೇ. ಜೀಪು ಬಂಡೆ ಹತ್ತಿ ತಿರುವಿನಲ್ಲಿ ಮರೆಯಾಯಿತು.

"ಗಾಜು ಇಳಿಸಿ, ಅಣ್ಣಾ ಹತ್ತು ಅಂತ ಒಂದು ಮಾತು ಅನ್ನೋಕೆ ಏನು ರೋಗ ಅವನಿಗೆ?" ಈ ಪ್ರಶ್ನೆಯನ್ನು ಜಯಸಿಂಹ ಬೆಂಗಳೂರಿನ ಪದ್ಮನಾಭನಗರದಲ್ಲಿ ಯಾರನ್ನೂ ಕೇಳದೆ ಬಿಟ್ಟಿಲ್ಲ. ಹೆಂಡತಿ ಕಾತ್ಯಾಯಿನಿ ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಸಾತನೂರು ದಾಟಿದ ಮೇಲೆ ಬರುವ ಕವಣೆಬೆಟ್ಟದ ಮೇಲೆ ಅವರ ವಂಶದವರು ಪೂಜೆ ಮಾಡಿಕೊಂಡು ಬಂದ ನರಸಿಂಹನ ಗುಡಿ ಇದೆ. ಸುತ್ತ ಒಂದಷ್ಟು ಮನೆಗಳ ಹಳ್ಳಿ. ಪೂಜೆ ಶನಿವಾರ ಮಾತ್ರ. ಒಂದು ತಿಂಗಳು ಜಯಸಿಂಹನ ಸರದಿ, ಮರು ತಿಂಗಳು ಕನಕಪುರದಲ್ಲಿರುವ ಭಾರ್ಗವನದು. ತಿಂಗಳ ಕೊನೆಯ ಶನಿವಾರ ದೇವರ ಬೆಳ್ಳಿ ಮುಖವಾಡವನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಬೇಕು, ಹಾಗಾಗಿ ಅಂದು ಇಬ್ಬರೂ ಬೆಟ್ಟದ ಮೇಲಿರಬೇಕು. ಬೆಳಗಿನ ಬಿಸಿಲು ಗರುಡಗಂಬದ ಬುಡ ಮುಟ್ಟುವ ಮೊದಲು ಸರದಿಯವನು ಒಳಗೆ ದೀಪ ಹಚ್ಚಿರಬೇಕು. ಒಮ್ಮೆ ತಪ್ಪಿದರೆ ತಪ್ಪುಗಾಣಿಕೆ. ಎರಡನೆಯ ಸಲ ತಪ್ಪಿದರೆ ಸರದಿಯೇ ಇನ್ನೊಬ್ಬನ ಮನೆಗೆ ಹೋಗುತ್ತದೆ, ಮುಂದೆ ಮಕ್ಕಳ ಕಾಲಕ್ಕೂ ತಿರುಗಿ ಬರುವುದಿಲ್ಲ. ಇದು ಅಜ್ಜಂದಿರು ಮಾಡಿಟ್ಟ ಕಟ್ಟಳೆ.

ಆ ಮಳೆಯ ದಿನ ಸರದಿ ಜಯಸಿಂಹನದು, ದೀಪ ಹಚ್ಚಿದವನು ಭಾರ್ಗವ. "ಮಳೆ ಸುರೀತಾ ಇದ್ರೆ ಬಿಸಿಲು ಎಲ್ಲಿಂದ ಬಂತು? ಯಾರು ನೋಡಿದ್ರು ಗರುಡಗಂಬದ ಬುಡದಲ್ಲಿ?" ಎಂದು ಜಯಸಿಂಹ ಹಳ್ಳಿಯ ಹಿರಿಯ ಕೆಂಪರಾಜುವಿನ ಮುಂದೆ ಗಂಟಲು ಹರಿದುಕೊಂಡ. ಕೆಂಪರಾಜು ಬೀಡಿ ಕೆಳಗಿಟ್ಟು, "ಸ್ವಾಮಿ, ನೀವು ಬಂದಾಗ ನಮ್ಮ ಹಟ್ಟೀಲಿ ಮುದ್ದೆ ಉಂಡಾಗಿತ್ತು. ಬಿಸಿಲಿನ ಮಾತು ಬುಡಿ" ಎಂದ. ಒಂದು ತಪ್ಪು ಜಯಸಿಂಹನ ಹೆಸರಿಗೆ ಬಿತ್ತು.

ಅಂದೇ ಜಯಸಿಂಹ ನಿರ್ಧರಿಸಿದ. ಇನ್ನು ಈ ಬೆಟ್ಟಕ್ಕೆ ಬಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲೇ ಬರಬೇಕು.

ಅವನ ಓದು ಏಳನೆಯ ಕ್ಲಾಸಿಗೆ ನಿಂತಿತ್ತು. ಕೋಪಕ್ಕೆ ಅಂಥ ಕೊನೆ ಇರಲಿಲ್ಲ. ಪದ್ಮನಾಭನಗರದ ಒಂದು ಚಿಕ್ಕ ಆಂಜನೇಯನ ಗುಡಿಯಲ್ಲಿ ಅರ್ಚಕನಾಗಿದ್ದ. ಅಲ್ಲಿ ದೇವರಿಗಿಂತ ಹೆಚ್ಚು ಪೂಜೆ ಆಗುತ್ತಿದ್ದುದು ಹೊಸ ಗಾಡಿಗಳಿಗೆ. ಬಾನೆಟ್ಟಿಗೆ ಹಾರ, ಗಾಜಿಗೆ ಸ್ವಸ್ತಿಕ, ಚಕ್ರದಡಿ ನಿಂಬೆಹಣ್ಣು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಓಡುವ ಎಲ್ಲ ನಮೂನೆಯ ಗಾಡಿಗೂ ಅವನು ಕುಂಕುಮ ಇಟ್ಟಿದ್ದ. ಹಾಗಾಗಿ ಗಾಡಿಯ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ಅವನ ನಂಬಿಕೆ.

ಹೇಳಿಕೊಡಲು ಬಂದವನು ಸಂಗಮೇಶ. ಬಾಗಲಕೋಟೆ ಕಡೆಯವನು, ಬಿಟಿಎಮ್ ಲೇಔಟಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಂದು ಕ್ಯಾಬ್ ಕಂಪನಿಯ ಆಫೀಸು ನೋಡಿಕೊಳ್ಳುತ್ತಿದ್ದ. ಕಂಪನಿಯ ಹೊಸ ಗಾಡಿಗಳನ್ನು ಪೂಜೆಗೆ ತರುತ್ತಿದ್ದವನು ಅವನೇ. ಬಾಯಿ ಮಾತ್ರ ಜೋರು.

ಒಂದು ದಿನ ಗುಡಿಯ ಮುಂದೆ ಎತ್ತರದ, ದಪ್ಪ ಟೈರಿನ ಹೊಸ ಕಾರು ಬಂದು ನಿಂತಾಗ ಜಯಸಿಂಹ ಅದರ ಸುತ್ತ ಎರಡು ಸುತ್ತು ಹಾಕಿದ.

"ಎತ್ತರ ಐತಿ ಅಂತ ಮರುಳಾಗಬ್ಯಾಡ್ರಿ ಆಚಾರ್ರ," ಎಂದ ಸಂಗಮೇಶ. "ಇದರಾಗ ಮುಂದಿನ ಎರಡು ಗಾಲಿಗಷ್ಟ ಜೀವ. ಹಿಂದಿನವು ಸುಮ್ಮನ ಬರ್ತಾವು, ಮದುವಿ ಮನಿಗೆ ಬಂದ ಬೀಗರಂಗ."

"ಇಷ್ಟು ವರ್ಷದಿಂದ ಗಾಡಿ ಪೂಜೆ ಮಾಡ್ತಿದೀನಿ ಕಣಯ್ಯ. ನನಗೆ ಗಾಡಿ ತೋರಿಸ್ತೀಯ?"

"ಪೂಜಾ ಮಾಡೀರಿ, ಹೌದು. ಕೆಳಗ ಮಲಗಿ ನೋಡೀರೇನು?"

ಜಯಸಿಂಹ ಸಿಟ್ಟಿನಿಂದ ಮಂಗಳಾರತಿ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದ. ಆದರೆ ಮರುದಿನ ಗಾಡಿ ಹುಡುಕಿಕೊಡೆಂದು ಫೋನು ಮಾಡಿದವನು ಅವನೇ.

ಮೊದಲು ಹೋದದ್ದು ಮಡಿವಾಳಕ್ಕೆ. ಸಂಗಮೇಶನ ಗೆಳೆಯನೊಬ್ಬ ಮಾರಾಟಕ್ಕಿಟ್ಟಿದ್ದ ಕಪ್ಪು ಜೀಪು. ಹಿಂದುಗಡೆ ನಾಲ್ಕು ಚಕ್ರದ ಎಳೆತ ಎಂದು ಸಾರುವ ಸ್ಟಿಕರು ಕೆಂಪಗೆ ಹೊಳೆಯುತ್ತಿತ್ತು. ಸಂಗಮೇಶ ಒಳಗೆ ಕೂತು ಗೇರಿನ ಪಕ್ಕ ತಡಕಾಡಿದ. ಇರಬೇಕಾದ ಚಿಕ್ಕ ಲಿವರ್ ಇರಲಿಲ್ಲ. ಕೆಳಗೆ ಮಲಗಿ ನೋಡಿದರೆ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟೂ ಇರಲಿಲ್ಲ. ಇದ್ದದ್ದು ಸ್ಟಿಕರು ಮಾತ್ರ.

"ಇದನ್ನ ಅಂಟಿಸ್ಕೊಂಡ್ರೆ ನಾನೂ ಬೆಟ್ಟ ಹತ್ತಬಹುದಲ್ಲಯ್ಯ," ಎಂದ ಜಯಸಿಂಹ. "ಬೆನ್ನಿಗೆ ಒಂದು ಹಾಕಿಸ್ಕೊಡು, ನಡ್ಕೊಂಡೇ ಹೋಗ್ತೀನಿ."

ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ವಾಪಸು ಬರುವವರೆಗೂ ಸಂಗಮೇಶ ಬಾಯಿ ಬಿಡಲಿಲ್ಲ. ಜಯಸಿಂಹನಿಗೆ ಬಹಳ ದಿನದ ಮೇಲೆ ಹಾಯೆನಿಸಿತು.

ಎರಡನೆಯದು ಜೆ.ಪಿ. ನಗರದಲ್ಲಿ ಸಿಕ್ಕಿತು. ನಿವೃತ್ತ ಇಂಜಿನಿಯರ್ ಸೋಮನಾಥ್ ಅವರ ಮನೆಯ ಮುಂದೆ ಹೊದಿಕೆ ಹಾಕಿಕೊಂಡು ನಿಂತಿದ್ದ ಹಳೆಯ ಜೀಪು. ಅಣೆಕಟ್ಟಿನ ಕೆಲಸಕ್ಕೆ ಓಡಾಡಿದ ಗಾಡಿ. ಅಲಂಕಾರ ಏನೂ ಇಲ್ಲ, ಎಸಿ ಹೆಸರಿಗೆ ಇತ್ತು. ಸಂಗಮೇಶ ಮೆಚ್ಚಿ ತಲೆಯಾಡಿಸಿದ. ಹಳ್ಳಿಗಾಡಿನಲ್ಲಿ ಕೆಟ್ಟು ನಿಂತರೆ ಸಾತನೂರಿನ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸಬಲ್ಲ ಗಾಡಿ ಬೇಕು, ಸಾಮಾನು ಎಲ್ಲ ಕಡೆ ಸಿಗಬೇಕು, ಕಂಪ್ಯೂಟರ್ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದು ಅವನ ಲೆಕ್ಕಾಚಾರ. ಅದಕ್ಕೆ ಜಯಸಿಂಹನೂ ಎದುರಾಡಲಿಲ್ಲ.

ಓಡಿಸಿ ನೋಡುವ ಮಾತು ಬಂದಾಗ ಸೋಮನಾಥ್ ಕೈ ಅಡ್ಡ ಮಾಡಿದರು. "ಟಾರ್ ರೋಡ್ ಬಿಟ್ಟು ಇಳಿಸೋ ಹಾಗಿಲ್ಲ. ಪೇಂಟ್ ಹೊಸದು."

"ಸಾರ್, ನಾನು ಬೆಟ್ಟಕ್ಕೆ ಗಾಡಿ ಕೇಳ್ತಿರೋದು. ಮಿನಿ ಫಾರೆಸ್ಟ್ ಪಾರ್ಕಲ್ಲಿ ವಾಕಿಂಗ್ ಕರ್ಕೊಂಡು ಹೋಗೋಕಲ್ಲ."

"ಧ್ವನಿ ತಗ್ಗಿಸಿ ಮಾತಾಡ್ರಿ."

"ತಗ್ಗಿಸಿದೀನಿ ಸಾರ್. ನನ್ನ ತಗ್ಗಿದ ಧ್ವನಿನೇ ಇದು."

ಸೋಮನಾಥ್ ಅವರ ಮುಖದಲ್ಲಿ ನಗು ಬಂದು ಹೋಯಿತು, ಅಡ್ಡ ಹಿಡಿದ ಕೈ ಇಳಿಸಿದರು. ಮುಂದಿನ ಬೀದಿಯಲ್ಲಿ ಯಾರೋ ಪಾಯ ತೋಡಿ ಬಿಟ್ಟಿದ್ದ ಖಾಲಿ ಸೈಟಿತ್ತು. ಅಲ್ಲಿ ಸಂಗಮೇಶ ಜೀಪನ್ನು ಓರೆಯಾಗಿ ಗುಂಡಿಗೆ ಇಳಿಸಿದ. ಹಿಂದಿನ ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ಗಿರಗಿರ ತಿರುಗಿತು, ಗಾಡಿ ಅಲುಗಲಿಲ್ಲ. ಆಮೇಲೆ ಚಿಕ್ಕ ಲಿವರನ್ನು ಎಳೆದ. ಮುಂದಿನ ಚಕ್ರ ಮಣ್ಣು ಕಚ್ಚಿತು, ಜೀಪು ಮುಲುಗುತ್ತ ದಡ ಹತ್ತಿ ಬಂತು. ಜಯಸಿಂಹ ಅಲ್ಲೇ ಕೈ ಮುಗಿದ. ಯಾರಿಗೆ ಮುಗಿದನೆಂದು ಯಾರೂ ಕೇಳಲಿಲ್ಲ.

ಜೀಪು ಕೊಂಡ ಮೇಲೆ ಪೂಜೆ ತನ್ನ ಗುಡಿಯ ಮುಂದೆ ತಾನೇ ಮಾಡಿಕೊಂಡ. ಹಾರ ಹಾಕಿದ, ನಿಂಬೆಹಣ್ಣು ಇಟ್ಟ. ಆಮೇಲೆ ಒಳಗೆ ಕೂತು, ಒಳ್ಳೆಯ ಗಳಿಗೆ ನೋಡಿ, ಚಿಕ್ಕ ಲಿವರನ್ನು ನಾಲ್ಕು ಚಕ್ರಕ್ಕೆ ಎಳೆದು, ಅರಿಶಿನದ ಕೊಂಬು ಸೇರಿಸಿ ಅದಕ್ಕೆ ಕಂಕಣ ಕಟ್ಟಿಬಿಟ್ಟ.

ಸಂಗಮೇಶನ ಕೈಯಲ್ಲಿದ್ದ ಪ್ರಸಾದ ಅಲ್ಲೇ ಉಳಿಯಿತು. "ಆಚಾರ್ರ, ಅದು ಕೆಸರಿನ್ಯಾಗ, ಉಸುಕಿನ್ಯಾಗ ಹಾಕೂದು. ಟಾರ್ ರೋಡಿನ್ಯಾಗ ಹಂಗ ಓಡಿಸಿದ್ರ ತಿರುವಿನ್ಯಾಗ ಹಿಂದಿನ ಗಾಲಿ ಮುಂದಿನ ಗಾಲಿ ಒಂದಕ್ಕೊಂದು ಜಗ್ಗಾಡ್ತಾವು. ಒಳಗ ಮುರೀತೈತಿ. ದಾರ ಬಿಚ್ಚರಿ."

"ನಾಲ್ಕು ಚಕ್ರಕ್ಕೆ ಅಂತ ತಗೊಂಡು ಎರಡ್ರಲ್ಲಿ ಯಾಕಯ್ಯ ಓಡಿಸ್ಲಿ? ಕಂಕಣ ಕಟ್ಟಿದ ಮೇಲೆ ಹಿಡಿದ ಕೆಲಸ ಮುಗಿಯೋವರೆಗೆ ಬಿಚ್ಚೋ ಹಾಗಿಲ್ಲ. ಅದು ಶಾಸ್ತ್ರ."

"ನಿಮ್ಮ ಶಾಸ್ತ್ರ ಗೇರ್ ಬಾಕ್ಸಿಗೆ ಗೊತ್ತಿಲ್ರಿ."

"ಹೋಗಯ್ಯ, ನಿನ್ನ ಕ್ಯಾಬಿಗೆ ಹೇಳು ಹೋಗು."

ಅಂದಿನಿಂದ ಸಂಗಮೇಶ ಪೂಜೆಗೆ ಬೇರೆ ಗುಡಿ ನೋಡಿಕೊಂಡ.

ಜೀಪು ಬೆಟ್ಟವನ್ನು ಆಟದ ಹಾಗೆ ಹತ್ತುತ್ತಿತ್ತು. ಊರಿನಲ್ಲಿ ಮಾತ್ರ ಬೇರೆ ಥರ. ಪದ್ಮನಾಭನಗರದ ಸಣ್ಣ ಕ್ರಾಸುಗಳಲ್ಲಿ ತಿರುಗಿಸುವಾಗ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯುತ್ತಿತ್ತು, ಟೈರು ಕಿರುಚುತ್ತಿತ್ತು, ಕೆಳಗಿನಿಂದ ಟಕ್ ಟಕ್ ಎನ್ನುತ್ತಿತ್ತು. ಬನಶಂಕರಿ ಮಾರ್ಕೆಟ್ಟಿಗೆ ಹೂವು ತರಲು ಹೋದಾಗ ಕಾತ್ಯಾಯಿನಿ, "ರೀ, ಇದು ಯಾಕೋ ನರಳ್ತಾ ಇದೆ" ಎಂದಳು. "ಕಣ್ಣು ತಗುಲಿದೆ" ಎಂದು ಜಯಸಿಂಹ ಜೀಪಿನ ಮುಂದೆ ಒಂದು ಕುಂಬಳಕಾಯಿ ಒಡೆದ. ಟಕ್ ಟಕ್ ನಿಲ್ಲಲಿಲ್ಲ. ಅವನು ರೇಡಿಯೊ ಜೋರು ಮಾಡಿದ.

ಮುಂದಿನ ಮಳೆಗಾಲದಲ್ಲಿ, ಜಯಸಿಂಹನ ಸರದಿಯ ತಿಂಗಳ ಕೊನೆಯ ಶನಿವಾರ. ರಾತ್ರಿಯೆಲ್ಲ ಸುರಿದ ಮಳೆ ಬೆಳಗಿಗೆ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ಇವತ್ತು ಬಿಸಿಲಿನ ಬಗ್ಗೆ ಯಾರೂ ವಾದ ಮಾಡುವ ಹಾಗಿರಲಿಲ್ಲ. ಅದೇ ಕೊರಕಲಿಗೆ ಜಯಸಿಂಹ ಧೈರ್ಯವಾಗಿಯೇ ಜೀಪು ಇಳಿಸಿದ. ಮುಂದಿನ ಚಕ್ರ ಬಂಡೆಗೆ ತಾಗಿದಾಗ ಆಕ್ಸಿಲರೇಟರ್ ಒತ್ತಿದ. ಕೆಳಗೆ ಪಟಾರ್ ಎಂದು ಏನೋ ಮುರಿಯಿತು. ಆಮೇಲೆ ಹಿಂದಿನ ಚಕ್ರಗಳು ಮಾತ್ರ ಕೆಸರು ಎರಚುತ್ತ ತಿರುಗಿದವು. ಲಿವರ್ ನಾಲ್ಕರಲ್ಲೇ ಇತ್ತು. ಕಂಕಣವೂ ಗಟ್ಟಿಯಾಗಿತ್ತು.

ಕಾಲ್ನಡಿಗೆಯಲ್ಲಿ ಹೋದರೆ ಬೆಟ್ಟ ಹತ್ತುವಷ್ಟರಲ್ಲಿ ಬಿಸಿಲು ಗರುಡಗಂಬ ದಾಟಿರುತ್ತದೆ. ಅದು ಗೊತ್ತಿದ್ದೂ ಜಯಸಿಂಹ ಹಾಲಿನ ಚೊಂಬು, ಹೂವಿನ ಬುಟ್ಟಿ ಹಿಡಿದು ಇಳಿದ. ಹಿಂದಿನಿಂದ ಜೀಪಿನ ಸದ್ದು ಕೇಳಿತು. ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ. ಭಾರ್ಗವ ಸುಮ್ಮನೆ ಮುಂದೆ ಹೋದರೆ ಸಾಕು, ಇಡೀ ಸರದಿ ಅವನ ಮನೆಗೆ.

ಜೀಪು ಪಕ್ಕಕ್ಕೆ ಬಂದು ನಿಂತಿತು. ಗಾಜು ಮೇಲೇ ಇತ್ತು. ಒಳಗಿನಿಂದ ಭಾರ್ಗವ ಕೈ ಆಡಿಸಿದ, ಅದೇ ಥರ. ಜಯಸಿಂಹ ಅಲುಗಲಿಲ್ಲ. ಆಗ ಭಾರ್ಗವ ಆಚೆ ವಾಲಿ ಬಾಗಿಲನ್ನೇ ತಳ್ಳಿ ತೆರೆದ.

"ಹತ್ತು ಸಿಂಹಣ್ಣ."

"ನೀನು ಹೋಗು. ನಿನಗೆ ಬೇಕಾಗಿರೋದು ಇದೇ ತಾನೇ?"

"ಜಗಳ ಮೇಲೆ ಹೋಗಿ ಆಡೋಣ. ಬಿಸಿಲು ಬರ್ತಾ ಇದೆ. ಹಾಲು ಚೆಲ್ಲಬೇಡ, ಸೀಟಿಗೆ ಈಗ ತಾನೇ ಬಟ್ಟೆ ಹಾಕ್ಸಿದೀನಿ."

ಜಯಸಿಂಹ ಹತ್ತಿದ. ಬಾಗಿಲು ಎಳೆದುಕೊಂಡಾಗ ಕೈಗೆ ಒಂದು ಕಬ್ಬಿಣದ ಮೋಟು ತಾಗಿತು. ಗಾಜು ಇಳಿಸುವ ಹಿಡಿಕೆ ಇರಬೇಕಾದ ಜಾಗ. ಹಿಡಿಕೆ ಇರಲಿಲ್ಲ. ಮೋಟಿನ ಸುತ್ತ ತುಕ್ಕು ಹಿಡಿದು ವರ್ಷಗಳೇ ಆದ ಹಾಗಿತ್ತು. ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

"ನಾಲ್ಕು ಚಕ್ರದ್ದು ಅಂದಿದ್ರು ಊರಲ್ಲಿ," ಎಂದ ಭಾರ್ಗವ, ಗೇರು ಬದಲಿಸುತ್ತ. "ಕೊಳ್ಳೋವಾಗ ನಾಲ್ಕೂ ಎಳೀತಾವೆ ಅಂತ ಹೆಂಗೆ ನೋಡ್ದೆ? ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿ ಆಯ್ತು ಅಂತಲೋ?"

"ರೋಡ್ ನೋಡ್ಕೊಂಡು ಓಡಿಸು."

ಗುಡಿ ತಲುಪಿದಾಗ ಬಿಸಿಲು ಇನ್ನೂ ಗೋಪುರದ ತುದಿಯಲ್ಲಿತ್ತು. ಭಾರ್ಗವ ಒಳಗೆ ಬರಲಿಲ್ಲ. ಮಂಟಪದ ಕಂಬಕ್ಕೆ ಒರಗಿ, ಕೆಂಪರಾಜುವಿನ ಜೊತೆ ರಾಗಿ ಬೆಳೆಯ ಮಾತಾಡುತ್ತ ಕೂತ. ದೀಪವನ್ನು ಜಯಸಿಂಹ ಹಚ್ಚಿದ. ಆಮೇಲೆ ಬಿಸಿಲು ಇಳಿದು ಗರುಡಗಂಬದ ಬುಡ ಮುಟ್ಟಿತು. ಕೆಂಪರಾಜು ಅದನ್ನು ನೋಡಿ ತೀರ್ಥಕ್ಕೆ ಕೈ ಚಾಚಿದ. ಬೆಳ್ಳಿ ಮುಖವಾಡ ಕೈ ಬದಲಾಯಿತು. ಮುಖವಾಡ ಕೊಡುವಾಗ ಏನಾದರೂ ಅನ್ನಬೇಕೆಂದು ಜಯಸಿಂಹನ ಬಾಯಿಗೆ ಬಂತು. ಕೊನೆಗೆ ಅಂದದ್ದು, "ಮೂಗಿನ ಹತ್ರ ನಗ್ಗಿದೆ, ನೋಡಿ ಉಜ್ಜು."

ಜೀಪನ್ನು ಟ್ರಾಕ್ಟರಿಗೆ ಕಟ್ಟಿ ಸಾತನೂರಿಗೆ ಎಳೆಸಿದರು. ಅಲ್ಲಿನ ಮೆಕ್ಯಾನಿಕ್ ಮುಂದಿನ ಆಕ್ಸಲ್ ಮುರಿದಿದೆ ಎಂದು ತೋರಿಸಿ, ಟಾರ್ ರೋಡಿನಲ್ಲೂ ಇದೇ ಲಿವರ್ ಹಾಕಿ ಓಡಿಸುತ್ತಿದ್ದಿರಾ ಎಂದು ಕೇಳಿದ. ಜಯಸಿಂಹ ಅವನ ಮೇಲೂ ರೇಗಿದ. ರಿಪೇರಿ ಮುಗಿದ ದಿನ ಕಂಕಣ ಬಿಚ್ಚಿ ಮನೆಯ ತುಳಸಿಯ ಬುಡಕ್ಕೆ ಹಾಕಿದ. ಸಂಗಮೇಶನಿಗೆ ಫೋನು ಮಾಡಿ, "ಕಂಕಣದ ಕೆಲಸ ಮುಗೀತು" ಎಂದಷ್ಟೇ ಹೇಳಿ ಇಟ್ಟ. ಮುಂದಿನ ವಾರ ಕಂಪನಿಯ ಗಾಡಿ ಮತ್ತೆ ಅವನ ಗುಡಿಯ ಮುಂದೆ ನಿಂತಿತ್ತು.

ಈಗ ಜೀಪು ಬೆಟ್ಟದ ಬುಡದವರೆಗೆ ಎರಡು ಚಕ್ರದಲ್ಲಿ, ಅಲ್ಲಿಂದ ನಾಲ್ಕು ಚಕ್ರದಲ್ಲಿ ಹೋಗುತ್ತದೆ. ಟಕ್ ಟಕ್ ಇಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಜಯಸಿಂಹ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆದು ಭಾರ್ಗವನ ಜೀಪಿಗೆ ಹೊಂದುವ ಗಾಜಿನ ಹಿಡಿಕೆಯೊಂದನ್ನು ಹುಡುಕಿ ತಂದ. ಅದನ್ನು ಕೊಡಬೇಕಾದರೆ ಹಿಡಿಕೆ ಇಲ್ಲದ್ದನ್ನು ನೋಡಿದೆ ಎಂದು ಹೇಳಬೇಕಾಗುತ್ತದೆ. ಪದ್ಮನಾಭನಗರದಲ್ಲಿ ಭಾರ್ಗವ ಗಾಜು ಇಳಿಸದ ಕಥೆಯನ್ನು ಅವನು ಇನ್ನೂ ಹೇಳುತ್ತಲೇ ಇದ್ದಾನೆ. ಹಿಡಿಕೆ ಕಾಗದದಲ್ಲಿ ಸುತ್ತಿದ ಹಾಗೇ ಅವನ ಜೀಪಿನ ಡ್ಯಾಶ್‌ಬೋರ್ಡಿನ ಒಳಗಿದೆ. ತಿಂಗಳ ಕೊನೆಯ ಶನಿವಾರ ಬೆಟ್ಟ ಹತ್ತುತ್ತದೆ, ಭಾರ್ಗವನ ಜೀಪಿನ ಪಕ್ಕದಲ್ಲೇ ನಿಂತಿರುತ್ತದೆ, ಸಂಜೆಗೆ ಮತ್ತೆ ಬೆಂಗಳೂರಿಗೆ ಬರುತ್ತದೆ.