ಹಾರ್ನು ಬಿಚ್ಚಿದ ಶನಿವಾರ

ನಮ್ಮ ಕಾರಿನ ಹಾರ್ನು ಒಂದೇ ದಿನಕ್ಕೆ ಮೂಕವಾಗಲಿಲ್ಲ. ಮೊದಲು ಎಡಬದಿ ಒತ್ತಿದರೆ ಮಾತ್ರ ಕೂಗುತ್ತಿತ್ತು, ಆಮೇಲೆ ಗುದ್ದಿದರೆ ಮಾತ್ರ, ಕೊನೆಗೆ ಗುದ್ದಿದರೂ ಇಲ್ಲ. ನವಲಗುಂದದಿಂದ ನಾನು ಕಲಿಸುವ ಹಳ್ಳಿಶಾಲೆಯ ತನಕ ಕಿಟಕಿಯಿಂದ ತಲೆ ಹೊರಹಾಕಿ, ಬಾಜು ಸರೀರಿ ಎಂದು ಒದರುತ್ತ ಹೋಗುತ್ತಿದ್ದೆ. ಒಂದು ದಿನ ಹತ್ತಿ ಹೇರಿದ ಟ್ರ್ಯಾಕ್ಟರೊಂದು ಹಿಂದಕ್ಕೆ ಬಂತು. ನಾನು ಒದರಿದ್ದು ಅದರ ಡ್ರೈವರನಿಗೆ ಕೇಳಲಿಲ್ಲ, ನಮ್ಮ ಬಂಪರು ಮುರಿಯಿತು.

ಸುದ್ದಿ ಹುಬ್ಬಳ್ಳಿಯಲ್ಲಿರುವ ನನ್ನ ಗಂಡನ ಅಣ್ಣನಿಗೆ ಮುಟ್ಟಿತು. ಕಾರು ಮೊದಲು ಈ ಭಾವನವರದೇ. ಹೊಸದು ಕೊಂಡಾಗ ಹಳೆಯದನ್ನು ನಮಗೆ ಬಿಟ್ಟಿದ್ದರು. ಹೆಣ್ಣುಮಕ್ಕಳ ಕೈಯಲ್ಲಿ ಗಾಡಿ ಬಾಳುವುದಿಲ್ಲ, ರವಿವಾರ ಬಂದು ವಾಪಸ್ ಒಯ್ಯುತ್ತೇನೆ ಎಂದು ಫೋನಿನಲ್ಲಿ ಹೇಳಿದರು. ನನ್ನ ಗಂಡನಿಗೆ ಕಾರು ಓಡಿಸಲೂ ಬರುವುದಿಲ್ಲ, ಅಣ್ಣನಿಗೆ ಎದುರಾಡಲೂ ಬರುವುದಿಲ್ಲ. ಗಾಡಿ ಹೋದರೆ ನನಗೆ ಮತ್ತೆ ಅದೇ ಬಸ್ಸು, ಅದೇ ಬಿಸಿಲಲ್ಲಿ ತಾಸುಗಟ್ಟಲೆ ಕಾಯುವುದು. ಸಿಟ್ಟು ನೆತ್ತಿಗೇರಿತು.

ಗ್ಯಾರೇಜಿನವನು ಸ್ಟೇರಿಂಗನ್ನೇ ಬದಲಿಸಬೇಕು, ಒಂದು ವಾರ ಹಿಡಿಯುತ್ತದೆ ಎಂದ. ಭಾವನವರು ಬರುವುದರೊಳಗೆ ಹಾರ್ನು ಕೂಗಿದರೆ ಗಾಡಿ ಒಯ್ಯಲು ನೆಪ ಉಳಿಯುವುದಿಲ್ಲ, ಆದರೆ ನನ್ನ ಹತ್ತಿರ ಇದ್ದದ್ದು ಶನಿವಾರದ ಮಧ್ಯಾಹ್ನ ಮಾತ್ರ. ಏಳನೆಯ ತರಗತಿಗೆ ವಿಜ್ಞಾನ ಕಲಿಸುವವಳು ನಾನು. ಬ್ಯಾಟರಿ, ತಂತಿ, ಗಂಟೆ ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಗೀಚಿದ್ದೇನೆ. ಒಂದು ಹಾರ್ನಿಗೆ ಹೆದರಿ ಕೂತಿದ್ದಕ್ಕೆ ನನಗೇ ನಾಚಿಕೆಯಾಯಿತು.

ಶಾಲೆ ಮುಗಿಸಿ ಬಂದವಳೇ ಗಾಡಿಯನ್ನು ಬೇವಿನ ಗಿಡದ ನೆರಳಿಗೆ ನಿಲ್ಲಿಸಿದೆ. ಹಳೆಯ ಗಾಡಿ, ಸ್ಟೇರಿಂಗಿನಲ್ಲಿ ಏರ್‌ಬ್ಯಾಗ್ ಇಲ್ಲ. ಇದ್ದಿದ್ದರೆ ನಾನು ಕೈಹಾಕುತ್ತಿರಲಿಲ್ಲ. ಬ್ಯಾಟರಿಯ ಮೈನಸ್ ತಂತಿ ಕಳಚಿ, ಸ್ಟೇರಿಂಗಿನ ಹಿಂದಿನ ಎರಡು ಸ್ಕ್ರೂ ಬಿಚ್ಚಿದೆ. ನಡುವಿನ ಮುಚ್ಚಳ ಕೈಗೆ ಬಂತು. ಅದಕ್ಕೆ ಸಿಕ್ಕಿಸಿದ್ದು ಒಂದೇ ತಂತಿ. ಅದನ್ನು ಬಿಡಿಸಿ, ಬ್ಯಾಟರಿ ಮತ್ತೆ ಜೋಡಿಸಿ, ತಂತಿಯ ತುದಿಯನ್ನು ಸ್ಟೇರಿಂಗಿನ ಕಬ್ಬಿಣಕ್ಕೆ ತಾಗಿಸಿದೆ. ಓಣಿಯೆಲ್ಲ ಕೇಳುವಂತೆ ಹಾರ್ನು ಕೂಗಿತು. ಎದುರುಮನೆಯ ಎಮ್ಮೆ ಬೆಚ್ಚಿ ಎದ್ದು ನಿಂತಿತು.

ಅಂದರೆ ಹಾರ್ನೂ ಸರಿಯಿದೆ, ತಂತಿಯೂ ಸರಿಯಿದೆ, ಕೆಟ್ಟಿದ್ದು ನಾವು ಒತ್ತುವ ಜಾಗ. ಮುಚ್ಚಳ ತಿರುವಿ ನೋಡಿದೆ. ಒತ್ತಿದಾಗ ಒಂದಕ್ಕೊಂದು ತಾಗಬೇಕಾದ ಎರಡು ತಾಮ್ರದ ಪಟ್ಟಿಗಳ ನಡುವೆ ಬೂದು ಬಣ್ಣದ ಗಟ್ಟಿ ಪದರ ಕೂತಿತ್ತು. ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿದೆ. ವಿಭೂತಿ.

ಪ್ರತಿ ಅಮಾವಾಸ್ಯೆಗೆ ನಮ್ಮ ಅತ್ತೆ ಗಾಡಿ ಪೂಜೆ ಮಾಡುತ್ತಾರೆ. ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಸ್ಟೇರಿಂಗಿನ ನಟ್ಟನಡುವೆ ಎಳೆಯುತ್ತಾರೆ, ಮೇಲೊಂದಿಷ್ಟು ತೆಂಗಿನಕಾಯಿ ನೀರು ಚಿಮುಕಿಸುತ್ತಾರೆ. ವರ್ಷಗಟ್ಟಲೆ ಅದು ಸಂದಿಯಲ್ಲಿ ಇಳಿದಿತ್ತು. ಅತ್ತೆ ಅಲ್ಲೇ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಕಾರು ಕಲಿಯುತ್ತೇನೆಂದಾಗ ಮನೆಯಲ್ಲಿ ನನ್ನ ಪರ ನಿಂತವರು ಅವರೊಬ್ಬರೇ. ಹೇಳಲೋ ಬೇಡವೋ ಎಂದು ಮುಚ್ಚಳವನ್ನು ಎರಡು ಸಲ ತಿರುವಿ, ಕೊನೆಗೆ ಪಟ್ಟಿ ತೋರಿಸಿ ಹೇಳಿಯೇಬಿಟ್ಟೆ.

"ಹಂಗಾರ ಇದರ ಬಾಯಿ ಕಟ್ಟಿದಾಕಿ ನಾನ ಅನ್ನು," ಎಂದರು ಅತ್ತೆ.

ಮುಖ ಸಣ್ಣದಾಯಿತು. ಎದ್ದು ಬಂದು ಸೆರಗಿನಿಂದ ಪಟ್ಟಿ ಒರೆಸತೊಡಗಿದರು. ಅದರಿಂದ ಹೋಗುವುದಿಲ್ಲ ಎಂದು ಸ್ಯಾಂಡ್‌ಪೇಪರ್ ಕೊಟ್ಟೆ. ಹಬ್ಬಕ್ಕೆ ಹಿತ್ತಾಳೆ ಚರಿಗೆ ಬೆಳಗುವ ಹಾಗೆ ತಿಕ್ಕಿ ಫಳಫಳ ಮಾಡಿದರು. ನಾನು ಎಲ್ಲ ಜೋಡಿಸಿ, ಮೊದಲು ನೀವೇ ಒತ್ತಿ ಎಂದೆ. ಒಂದೇ ಬೆರಳಿನಿಂದ ಒತ್ತಿದರು. ಕೂಗಿತು. ಸುಮ್ಮನೆ ಇನ್ನೂ ಮೂರು ಸಲ ಒತ್ತಿದರು. ಅಷ್ಟು ಖುಷಿ ನನಗೆ ನೌಕರಿಯ ಆರ್ಡರ್ ಕೈಗೆ ಬಂದ ದಿನವೂ ಆಗಿರಲಿಲ್ಲ.

ರವಿವಾರ ಭಾವನವರು ಬಸ್ಸಿನಲ್ಲಿ ಬಂದರು. ಊಟ ಮುಗಿಸಿ ಕೀಲಿ ಕೇಳಿದರು. ಬಸ್‌ಸ್ಟ್ಯಾಂಡಿಗೆ ನಾನೇ ಬಿಡುತ್ತೇನೆ ಎಂದು ಹೇಳಿ, ಕೀಲಿ ಕೊಡದೆ ಸ್ಟೇರಿಂಗಿನ ಮುಂದೆ ಕೂತೆ. ಅವರು ತಾಯಿಯ ಮುಖ ನೋಡಿದರು. ಅತ್ತೆ ಕಾರಿನ ಬಾಗಿಲು ತೆರೆದು ನಿಂತರು. ಭಾವನವರು ಹತ್ತಿ ಕೂತರು.

ದಾರಿ ತುಂಬ ಕುರಿಹಿಂಡು. ಹಾರ್ನು ಒತ್ತಿದೆ, ಕುರಿಗಳು ಎರಡು ಪಾಲಾಗಿ ಸರಿದವು. ಯಾರ ಕೈಲಿ ರಿಪೇರಿ ಮಾಡಿಸಿದೆ ಎಂದು ಭಾವನವರು ಕೇಳಿದರು. ನಾನೂ ಅತ್ತೆಯವರೂ ಮಾಡಿದೆವು ಎಂದೆ. ಅವರು ಬಾಗಿ ಸ್ಟೇರಿಂಗನ್ನೇ ನೋಡಿದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಬಾಗಿಲು ಹಾಕದೆ ಹಾಗೇ ನಿಂತರು.

"ನಮ್ಮ ಸ್ಕೂಟರಿಂದೂ ಹಾರ್ನ್ ಸತ್ತೈತಿ," ಎಂದರು. "ಒಂದೀಟು ನೋಡ್ತಿಯೇನವಾ? ಇಲ್ಲಿಗೇ ತರ್ತೀನಿ."

"ನೀವು ತರೂದು ಬ್ಯಾಡ್ರಿ ಭಾವಾರ," ಎಂದೆ. "ಬರೂ ರವಿವಾರ ಈ ಗಾಡಿ ತೊಗೊಂಡು ನಾನ ಹುಬ್ಬಳ್ಳಿಗೆ ಬರ್ತೀನಿ."